ಅಧ್ಯಕ್ಷರೇ, ನಮ್ಮ 130 ತುಂಡು ಎಲ್ಲಿ?

ಸನ್ಮಾನ್ಯ ಅಧ್ಯಕ್ಷರಿಗೆ,

ತಮ್ಮ ಕಾಲೇಜಿನಲ್ಲಿ 1993ರಲ್ಲಿ ಬಿ.ಎ. ಮುಗಿಸಿದವನ, ಅದೇ ವರ್ಷದ ಕಬಡ್ಡಿ ತಂಡದ ಬಲ ಮೂಲೆ ಆಟಗಾರನ, ಈಗ ಕಮತಗಿಯಲ್ಲಿ ಮಗ್ಗ ನಡೆಸಿಕೊಂಡಿರುವವನ ನಮಸ್ಕಾರಗಳು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಕ್ಷರ ಕಲಿಸಿದ ಜಾಗ, ಅದರ ಹೆಸರನ್ನು ಬೀದಿಗೆ ತರಲು ಮನಸ್ಸಿಲ್ಲ. ತಿಳಿಯಬೇಕಾದವರಿಗೆ ಇಷ್ಟು ಓದುವಷ್ಟರಲ್ಲೇ ತಿಳಿದಿರುತ್ತದೆ.

ಪತ್ರ ಬರೆಯಲು ಕಾರಣವಿಷ್ಟೆ. ಕಳೆದ ವಾರ ಮೊಬೈಲಿಗೊಂದು ಪೋಸ್ಟರ್ ಬಂತು. ‘ಹಳೆಯ ವಿದ್ಯಾರ್ಥಿಗಳ ಮಹಾ ಸಮಾವೇಶ’, ಅದರ ಕೆಳಗೆ ‘ಕ್ರೀಡಾ ನಿಧಿಗೆ ಉದಾರವಾಗಿ ದೇಣಿಗೆ ನೀಡಿ’, ಮೂಲೆಯಲ್ಲಿ ಹಣ ಹಾಕಲು ಕ್ಯೂಆರ್ ಕೋಡ್, ನಡುವೆ ನಮ್ಮ ತಂಡದ ಫೋಟೊ. ಧಾರವಾಡದಲ್ಲಿ ಅಂತರ ಕಾಲೇಜು ಪಂದ್ಯ ಗೆದ್ದ ಸಂಜೆ ತೆಗೆಸಿದ್ದು. ಮೂಲ ಫೋಟೊದಲ್ಲಿ ನಾವು ಹನ್ನೆರಡು ಹುಡುಗರು, ಬಲತುದಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ನಮ್ಮ ಫಿಜಿಕಲ್ ಸರ್. ಪೋಸ್ಟರಿನಲ್ಲಿ ಹನ್ನೆರಡು ಹುಡುಗರೂ ಇದ್ದೇವೆ. ಸರ್ ನಿಂತಿದ್ದ ಜಾಗದಲ್ಲಿ ಒಂದು ವೃತ್ತ, ವೃತ್ತದೊಳಗೆ ತಾವು. ಕತ್ತರಿಸಿದವರಿಗೆ ಸರ್ ಅವರ ಕೈಯೊಂದನ್ನು ತೆಗೆಯಲಾಗಿಲ್ಲ, ಅದು ನನ್ನ ಹೆಗಲ ಮೇಲಿತ್ತು. ‘ಅಪ್ಪಾ, ಇದ್ಯಾರ ಕೈ?’ ಎಂದು ನನ್ನ ಮಗಳು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹೇಳಲು ಕೂತಿದ್ದೇನೆ.

ಹಿಂದಿನ ಕತೆ ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ, ಗಡಬಡಿಸಿ ಹೇಳಿ ಮುಗಿಸುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಹೊಳೆದಂಡೆಯ ಊರುಗಳಿಗೆ ರೊಟ್ಟಿ, ಹೊದಿಕೆ ಮುಟ್ಟಿಸಲೆಂದು ನಾವು ಹಳೇ ಆಟಗಾರರು ವಾಟ್ಸ್ಯಾಪ್ ಗುಂಪು ಕಟ್ಟಿದೆವು. ಎರಡು ದಿನದಲ್ಲಿ ಮೂರು ಟೆಂಪೊ ತುಂಬಿತು. ಈ ಸುದ್ದಿ ತಮ್ಮ ಕಿವಿಗೆ ಬಿದ್ದು, 2020ರ ಜನವರಿಯಲ್ಲಿ ನಮ್ಮನ್ನೆಲ್ಲ ಸಮಾವೇಶಕ್ಕೆ ಕರೆದಿರಿ. ಬೆಂಗಳೂರಿನಿಂದ ಬಂದ ತಜ್ಞರೊಬ್ಬರು ಪರದೆಯ ಮೇಲೆ ಅಮೆರಿಕದ ಕ್ರೀಡಾಂಗಣಗಳನ್ನು ತೋರಿಸಿ, ಆಟದ ಮೂಲಕ ಹಳೆಯ ವಿದ್ಯಾರ್ಥಿಗಳ ಕಿಸೆಗೆ ದಾರಿ ಹೇಗೆಂದು ಒಂದು ತಾಸು ವಿವರಿಸಿದರು. ಆಮೇಲೆ ತಾವು ಮೈಕ್ ಹಿಡಿದಿರಿ. ನಿವೃತ್ತರಾಗಿ ಹತ್ತು ವರ್ಷವಾಗಿದ್ದ ಸರ್ ಅವರನ್ನು ಹಿಂದಿನ ಸಾಲಿನಿಂದ ವೇದಿಕೆಗೆ ಕರೆಸಿ, ಕೈ ಹಿಡಿದು ಅಂದಿರಿ: ‘ಮುಂದಿನ ಜನವರಿಯೊಳಗ ಇದ ಮೈದಾನದಾಗ ಮ್ಯಾಟ್ ಹಾಸ್ತೀವ್ರಿ. ಅದರ ಮ್ಯಾಲ ಮೊದಲನೇ ಸೀಟಿ ನೀವ ಊದಬೇಕ್ರಿ ಸರ.’ ಚಪ್ಪಾಳೆ ಬಿತ್ತು. ಸರ್ ಮಾತಾಡಲಿಲ್ಲ, ಕಣ್ಣೊರೆಸಿಕೊಂಡರು.

ಮ್ಯಾಟ್ ಎಂದರೆ ಜಮಖಾನೆಯ ಹಾಗೆ ಸುತ್ತಿಡುವ ಒಂದೇ ಹಾಸಲ್ಲ. ಮೀಟರ್ ಚೌಕದ ದಪ್ಪ ಫೋಮ್ ತುಂಡುಗಳು, ಅಂಚಿನ ಹಲ್ಲಿಗೆ ಹಲ್ಲು ಕೂಡಿಸಿ ಹಾಸಬೇಕು. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ (ನಾವು ಆಡುವಾಗ ಉದ್ದ ಹನ್ನೆರಡೂವರೆ ಇತ್ತು). ಅಂದರೆ 130 ತುಂಡು. ಅಂದು ರಾತ್ರಿ ಊಟಕ್ಕೆ ಕೂತಲ್ಲೇ ಲೆಕ್ಕ ಹಾಕಿದೆವು: 130 ತುಂಡಿಗೆ 130 ಮಂದಿ, ಒಬ್ಬರಿಗೆ ಒಂದೇ ತುಂಡು, ತುಂಡಿಗೆ 3,000 ರೂಪಾಯಿ. ಸಾಗಣೆ, ಕೆಳಗಿನ ನೆಲಗಟ್ಟು ಅದರೊಳಗೇ. ನಾನೊಂದು ನೋಟುಬುಕ್ಕು ಇಟ್ಟೆ. ಒಂದನೇ ನಂಬರು ನಮ್ಮ ಕ್ಯಾಪ್ಟನ್ನಿಗೆ. ಅವನು ತೀರಿಕೊಂಡಿದ್ದ, ಹೆಂಡತಿ ಅವನ ಹೆಸರಲ್ಲಿ ಕೊಟ್ಟಳು. ಹದಿನೆಂಟನೆಯದು ಜಮ್ಮುವಿನಲ್ಲಿದ್ದ ಸೈನಿಕನದು. ಇಪ್ಪತ್ತೆರಡು ಸಾರಿಗೆ ಸಂಸ್ಥೆಯ ಕಂಡಕ್ಟರ್. ನಲವತ್ತೇಳು ನಮ್ಮ ಓಣಿಯ ನೇಕಾರ, ಮಜೂರಿಯಲ್ಲಿ ಉಳಿಸಿ ಮೂರು ಕಂತಿನಲ್ಲಿ ಮುಟ್ಟಿಸಿದ. ಅಮೀನಗಡದ ಕರದಂಟಿನ ಅಂಗಡಿಯವನು ಹತ್ತು ತುಂಡು ನನ್ನವೇ ಎಂದು ಹಟ ಹಿಡಿದ. ಒಬ್ಬರಿಗೆ ಒಂದೇ ಎಂದಿದ್ದಕ್ಕೆ ಸಿಟ್ಟಾಗಿ, ತಂಡಕ್ಕೆಂದು ಹತ್ತು ಕಿಲೊ ಕರದಂಟು ಕಳಿಸಿದ. ಹೀಗೆ 3,90,000 ರೂಪಾಯಿ ಕೂಡಿತು. 2020ರ ಮಾರ್ಚಿನಲ್ಲಿ, ಲಾಕ್‌ಡೌನಿಗೆ ವಾರ ಮೊದಲು, ಚೆಕ್ ತಮ್ಮ ಕೈಗೆ ಕೊಟ್ಟೆವು. ಅದರ ಫೋಟೊ ಕೂಡ ಇದೆ. ಆ ಫೋಟೊದಲ್ಲಿ ಯಾರನ್ನೂ ಕತ್ತರಿಸಿಲ್ಲ.

ಕೊರೊನಾ ಕಾಲದಲ್ಲಿ ನಾವೂ ಕೇಳಲಿಲ್ಲ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಸರ್ ಹೋದರು. 2022ರಲ್ಲಿ ಕಾಲೇಜಿನ ಮುಂದೆ ಮಹಾದ್ವಾರ ಎದ್ದಿತು, ಅದರ ಕೆಳಗೆ ಕೆಂಪು ಹಳದಿ ಪೇವರ್ ಹಾಸಲಾಯಿತು. ಮ್ಯಾಟ್ ಬರಲಿಲ್ಲ. ಮೂರು ಪತ್ರ ಬರೆದೆ, ಮೂರಕ್ಕೂ ಸ್ವೀಕೃತಿ ಇದೆ, ಉತ್ತರವಿಲ್ಲ. ಎರಡು ಸಲ ಖುದ್ದಾಗಿ ಬಂದೆ; ಒಮ್ಮೆ ತಾವು ಮೀಟಿಂಗಿನಲ್ಲಿದ್ದಿರಿ, ಇನ್ನೊಮ್ಮೆ ಮೀಟಿಂಗಿಗೆ ಹೊರಟಿದ್ದಿರಿ. ಮಾಹಿತಿ ಹಕ್ಕಿನ ಅರ್ಜಿಗೆ ‘ನಮ್ಮ ಸಂಸ್ಥೆ ಸದರಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲು. ಪ್ರಾಧ್ಯಾಪಕರ ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತದೆ. ಸರ್ಕಾರದ ಹಣದಲ್ಲಿ ಗಣನೀಯವಾಗಿ ನಡೆಯುವ ಸಂಸ್ಥೆಗಳೂ ವ್ಯಾಪ್ತಿಗೆ ಬರುತ್ತವೆಂದು 2005ರ ಆ ಕಾಯ್ದೆಯ ಎರಡನೇ ಕಲಮಿನಲ್ಲೇ ಇದೆ. ನೇಕಾರನಿಗೆ ಇದು ಗೊತ್ತಿರಲಾರದು ಅಂದುಕೊಂಡಿರಬೇಕು. ಕೊನೆಗೆ ಕಚೇರಿಯ ಒಬ್ಬ ಪುಣ್ಯಾತ್ಮರು ದನಿ ತಗ್ಗಿಸಿ ಹೇಳಿದರು: ‘ಅದು ಸಾಮಾನ್ಯ ನಿಧಿಗೆ ಜಮಾ ಆಗಿ, ಆವರಣ ಅಭಿವೃದ್ಧಿಗೆ ಖರ್ಚ ಆಗೇತ್ರಿ.’

ಅಂದರೆ ನಮ್ಮ ಮ್ಯಾಟ್ ಈಗ ನಿಮ್ಮ ಕಾರಿನ ಗಾಲಿಯ ಕೆಳಗಿದೆ. ಇಲ್ಲಿಂದ ಮುಂದೆ ‘ತಾವು’ ಎಂದು ಬರೆಯಲು ಕೈ ಏಳುತ್ತಿಲ್ಲ, ಕ್ಷಮಿಸಿ.

ಆ ತಜ್ಞರು ತೋರಿಸಿದ ಅಮೆರಿಕದ ಬಗ್ಗೆ ನಾನೂ ಆಮೇಲೆ ಓದಿದೆ. ಹಾರ್ವರ್ಡಿನಲ್ಲಿ 1879ರಲ್ಲಿ ಓದು ಮುಗಿಸಿದ ತಂಡವೊಂದು ತಮ್ಮ ಇಪ್ಪತ್ತೈದನೇ ವರ್ಷದ ನೆನಪಿಗೆ ಒಂದು ಲಕ್ಷ ಡಾಲರ್ ಕೊಟ್ಟಿತು. 1903ರಲ್ಲಿ ಕಾಂಕ್ರೀಟಿನ ಕ್ರೀಡಾಂಗಣ ಎದ್ದಿತು, ಇವತ್ತಿಗೂ ನಿಂತಿದೆ. ಟಿ. ಬೂನ್ ಪಿಕನ್ಸ್ ಎಂಬ ಎಣ್ಣೆ ವ್ಯಾಪಾರಿ 2005ರ ಕೊನೆಯ ಹೊತ್ತಿಗೆ ತಾನು ಓದಿದ ಒಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯದ ಆಟೋಟಕ್ಕೆಂದೇ 16.5 ಕೋಟಿ ಡಾಲರ್ ಕೊಟ್ಟ, ಮುಂದೆ ಓದಿನ ಕಡೆಗೂ ಕೈಬಿಚ್ಚಿದ. ಅಲ್ಲೂ ಎಲ್ಲ ಸರಿಯಿಲ್ಲ. ಫುಟ್‌ಬಾಲ್ ಕೋಚ್‌ಗೆ ಕುಲಪತಿಗಿಂತ ಹೆಚ್ಚು ಸಂಬಳ, ಆಟಕ್ಕೆ ಬಂದ ಹಣ ಗ್ರಂಥಾಲಯದ ಕಡೆ ಹೊರಳುವುದೇ ಇಲ್ಲ ಎಂದು ಪಾಠ ಹೇಳುವವರ ಗೊಣಗಾಟ. ಇದನ್ನೂ ತಜ್ಞರು ಹೇಳಲಿಲ್ಲ. ಆದರೆ ಅವರು ಬಿಟ್ಟ ದೊಡ್ಡ ಸಂಗತಿ ಬೇರೆ. ಕ್ರೀಡಾಂಗಣಕ್ಕೆಂದು ಕೊಟ್ಟ ಹಣಕ್ಕೆ ಅಲ್ಲಿ ಕ್ರೀಡಾಂಗಣವೇ ಎದ್ದಿತು. ಅವರ ಕತೆಯಲ್ಲಿ ನಿಮಗೆ ಚೆಕ್ ಕಂಡಿತು, ಕಟ್ಟಡ ಕಾಣಲಿಲ್ಲ.

ಅಮೆರಿಕ ಹೋಗಲಿ. 2023ರ ಜೂನಿನಲ್ಲಿ ನಂದನ್ ನಿಲೇಕಣಿಯವರು ಐಐಟಿ ಬಾಂಬೆಗೆ 315 ಕೋಟಿ ರೂಪಾಯಿ ಕೊಟ್ಟ ಸುದ್ದಿಯನ್ನು ನೀವು ಸಂಸ್ಥೆಯ ಗುಂಪಿನಲ್ಲಿ ಹಂಚಿ, ‘ನಮ್ಮವರಿಗೂ ಇಂಥ ಮನಸ್ಸು ಬರಲಿ’ ಎಂದು ಬರೆದಿರಿ. ನಲವತ್ತೇಳನೇ ನಂಬರಿನ ನೇಕಾರ ಅದನ್ನು ಓದಿದ. ಅವನು ಉತ್ತರ ಹಾಕಲಿಲ್ಲ. ಸಂತೆಯಲ್ಲಿ ಸಿಕ್ಕಾಗ ನನ್ನನ್ನು ಕೇಳಿದ, ‘ಅಲ್ಲೋ, ನನ್ನ ತುಂಡು ಎಲ್ಲೈತಿ?’

ವರ್ಷಗಳಿಂದ ಇದೇ ಪ್ರಶ್ನೆ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಕಂಡಕ್ಟರ್ ಕೇಳುತ್ತಾನೆ. ರಜೆಗೆ ಬಂದ ಸೈನಿಕ ಕೇಳುತ್ತಾನೆ. ಕ್ಯಾಪ್ಟನ್ನನ ಹೆಂಡತಿ ಕೇಳುವುದಿಲ್ಲ, ನನ್ನನ್ನು ಕಂಡರೆ ಮಾತು ಬದಲಿಸುತ್ತಾಳೆ. ಅದು ಇನ್ನೂ ಕಷ್ಟ.

ನೀವು ಹೇಳುವ ‘ಹಳೆಯ ವಿದ್ಯಾರ್ಥಿಗಳ ಬಾಂಧವ್ಯ’ ಎಲ್ಲಿ ಹುಟ್ಟುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ವಿಶ್ವವಿದ್ಯಾಲಯದ ಮೇಲಂತೂ ಅದು ಹುಟ್ಟುವುದಿಲ್ಲ. ನನ್ನ ಅಂಕಪಟ್ಟಿಯ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು, ಆಮೇಲೆ ಓದಿದವರ ಅಂಕಪಟ್ಟಿಯ ಮೇಲೆ ಅದರ ಹೆಸರು. ಈಗ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ; 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಒಂಬತ್ತರ ಆ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಒಂದೇ ಮನೆಯ ಮೂವರು ಒಂದೇ ಕಾಲೇಜಿನಲ್ಲಿ ಕಲಿತು ಮೂರು ವಿಶ್ವವಿದ್ಯಾಲಯದ ಕಾಗದ ಹಿಡಿದಿರುತ್ತಾರೆ. ಮೊಹರಿಗೆ ಯಾರ ಕಣ್ಣಲ್ಲಿ ನೀರು ಬರುತ್ತದೆ? ಮೈದಾನಕ್ಕೆ ಬರುತ್ತದೆ.

ನಮ್ಮ ತಂಡದ ಎಡ ಮೂಲೆಯವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು. ಅವನು ಕಲಿತ ಸಾಲಿ, ಆಡಿದ ಗುಡಿಯಂಗಳ ಎಲ್ಲ ನೀರೊಳಗೆ. ಮುಳುಗಡೆಯ ಜಿಲ್ಲೆಯಲ್ಲಿ ಇಂಥವರು ಓಣಿಗೊಬ್ಬರು ಸಿಗುತ್ತಾರೆ. ‘ನಾ ಸಣ್ಣವನಿದ್ದಾಗ ಬಿದ್ದ ಮಣ್ಣು ಅಂತ ಉಳಿದಿದ್ದು ಕಾಲೇಜಿನ ಗ್ರೌಂಡ್ ಒಂದ’ ಎಂದು ಅವನು ಹಣ ಕೊಡುವಾಗ ಅಂದಿದ್ದ. ಆ ಗ್ರೌಂಡಿನ ಅರ್ಧದಲ್ಲಿ ಈಗ ಪರೀಕ್ಷೆಗೆ ಬಂದವರ ಬೈಕು ನಿಲ್ಲುತ್ತವೆ.

ಬಾಂಧವ್ಯವೆಂದರೆ ನೇಕಾರನಾದ ನನಗೆ ಸೀರೆಯೇ ನೆನಪಾಗುತ್ತದೆ, ಆ ಮಾತೊಂದು ಹೇಳಿಬಿಡುತ್ತೇನೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತೇವೆ. ಕಣ್ಣು ಸೋಲುವ ಕೆಲಸ. ಕೊಂಡಿ ತಪ್ಪಿದ ಸೀರೆಗೆ ಎಷ್ಟು ರೇಷ್ಮೆ ಹಾಕಿದರೂ ಅದು ಮಾರುಕಟ್ಟೆಗೆ ಹೋಗುವುದಿಲ್ಲ. ನಮ್ಮ ಕಾಲೇಜಿಗೂ ಹೊರಗೆ ಹೋದ ನಮಗೂ ಕೊಂಡಿ ಹಾಕಿದವರು ಫಿಜಿಕಲ್ ಸರ್. ಬೆಳಗಿನ ಐದಕ್ಕೆ ಬಂದು ಅಂಗಳದ ಕಲ್ಲು ಆರಿಸಿ, ಕೊಡದಲ್ಲಿ ನೀರು ತಂದು ಚಿಮುಕಿಸಿ, ಸುಣ್ಣದ ಗೆರೆ ಎಳೆಯುತ್ತಿದ್ದರು. ನಮ್ಮ ಕಾಲಕ್ಕೆ ಮೂವರು ಯೂನಿವರ್ಸಿಟಿ ಬ್ಲೂ ಆದೆವು. ಪ್ರಿನ್ಸಿಪಾಲರು ಯಾರಿದ್ದರೆಂದು ನಮ್ಮಲ್ಲಿ ಅರ್ಧ ಮಂದಿಗೆ ನೆನಪಿಲ್ಲ. ಅಧ್ಯಕ್ಷರು ಯಾರಿದ್ದರೆಂದು ಯಾರಿಗೂ ನೆನಪಿಲ್ಲ.

ಮ್ಯಾಟ್ ಯಾಕೆ ಬೇಕು, ಮಣ್ಣಲ್ಲಿ ಆಡಿ ನೀವು ಬೆಳೆಯಲಿಲ್ಲವೇ ಎಂದು ನಿಮ್ಮ ನಿರ್ದೇಶಕರೊಬ್ಬರು ಕೇಳಿದರಂತೆ. ಕೇಳಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಟಿವಿ ನೋಡಿ ಬೆಳೆದ ಮಕ್ಕಳಿಗೆ ಕಬಡ್ಡಿ ಎಂದರೆ ಮ್ಯಾಟೇ. ಅಂತರ ಕಾಲೇಜು ಪಂದ್ಯವೂ ಮ್ಯಾಟಿನ ಮೇಲೆ ನಡೆಯುತ್ತದೆ. ಮಣ್ಣಲ್ಲಿ ಬರಿಗಾಲು, ಮ್ಯಾಟಿನಲ್ಲಿ ಶೂ. ಮಣ್ಣಲ್ಲಿ ಕಾಲು ಜಾರಿ ನಿಲ್ಲುತ್ತದೆ, ಮ್ಯಾಟಿನಲ್ಲಿ ಶೂ ಕಚ್ಚಿಕೊಳ್ಳುತ್ತದೆ, ಮೈ ಮುಂದೆ ಹೋಗುತ್ತದೆ, ಮೊಣಕಾಲು ತಿರುಗುತ್ತದೆ. ವರ್ಷವಿಡೀ ಮಣ್ಣಲ್ಲಿ ಆಡಿ ಪಂದ್ಯದ ದಿನವೇ ಮೊದಲ ಸಲ ಮ್ಯಾಟ್ ತುಳಿಯುವವರ ಗತಿ ಇದು. ನಮ್ಮ ತಂಗಿಯ ಮಗಳು ನಿಮ್ಮ ಕಾಲೇಜಿನ ಹುಡುಗಿಯರ ತಂಡದಲ್ಲಿದ್ದಾಳೆ. ಹೋದ ವರ್ಷ ಏಕವಲಯ ಪಂದ್ಯದಲ್ಲಿ ಗೆಳತಿಯ ಶೂ ಕಡ ತೊಟ್ಟು ಆಡಲಿಳಿದಳು. ಮೊದಲನೇ ರೇಡ್. ಬೋನಸ್ ಗೆರೆ ದಾಟಿ ತಿರುಗುವಾಗ ಮೊಣಕಾಲು ಹೋಯಿತು. ಎದುರಾಳಿ ಯಾರೂ ಮುಟ್ಟಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ನಮ್ಮ ಗುಂಪಿನಲ್ಲೇ ಪಟ್ಟಿ ಹಾಕಿದೆವು. ನಿಮ್ಮ ಕಡೆಯಿಂದ ‘ಬೇಗ ಗುಣಮುಖರಾಗಲಿ’ ಎಂದು ಹೂವಿನ ಚಿತ್ರ ಬಂತು.

ಪ್ರವೇಶದ ರಸೀದಿ ತೆಗೆದು ನೋಡಿ. ಪ್ರತಿ ವಿದ್ಯಾರ್ಥಿಯಿಂದ ಪ್ರತಿ ವರ್ಷ ಕ್ರೀಡಾ ಶುಲ್ಕವೆಂದು ಬೇರೆಯೇ ಸಾಲು ಬರೆದು ವಸೂಲು ಮಾಡುತ್ತೀರಿ. ಆ ಹಣದಲ್ಲಿ ಹುಡುಗಿಗೆ ಒಂದು ಜೊತೆ ಶೂ ಬರುವುದಿಲ್ಲವೇ? ಸರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಪೂರ್ಣಕಾಲದವರನ್ನು ತುಂಬಿಲ್ಲ, ಗ್ರಂಥಾಲಯದ ಸಹಾಯಕರೇ ತಂಡ ಕರೆದುಕೊಂಡು ಹೋಗುತ್ತಾರೆ. ಪಾಪ, ಅವರಿಗೆ ಲೋಣ ಎಂದರೇನೆಂದು ಹುಡುಗಿಯರೇ ಕಲಿಸಬೇಕು. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆಂದರೆ ಮಾತ್ರ ನಿಮಗೆ ನಮ್ಮ ನೆನಪು. ಅವರ ಐದನೇ ಮಾನದಂಡದಲ್ಲಿ ವಿದ್ಯಾರ್ಥಿಗಳ ಕ್ರೀಡೆಗೂ ಹಳೆಯ ವಿದ್ಯಾರ್ಥಿಗಳ ಸಹಭಾಗಿತ್ವಕ್ಕೂ ಅಂಕಗಳಿದ್ದವಲ್ಲ. ಅವರು ಬಂದ ದಿನ ನಮಗೆಲ್ಲ ಹೊಸ ಜರ್ಸಿ ತೊಡಿಸಿ, ಶಿರಾ ಉಪ್ಪಿಟ್ಟು ತಿನ್ನಿಸಿ, ‘ಮೈದಾನದ ಕೆಲಸ ಪ್ರಗತಿಯಲ್ಲಿದೆ ಅಂತ ಹೇಳ್ರಿ’ ಎಂದು ಪಾಠ ಮಾಡಿಸಿದಿರಿ. ನಾವು ಹೇಳಿದೆವು. ಶಿರಾ ತಿಂದ ಬಾಯಿ, ಏನು ಮಾಡುವುದು. ಜರ್ಸಿಯನ್ನು ಸಂಜೆ ಎಣಿಸಿ ಹಿಂದಕ್ಕೆ ತೆಗೆದುಕೊಂಡರು.

ದೇಣಿಗೆ ಎತ್ತುವುದನ್ನು ನಮಗೆ ಬೆಂಗಳೂರಿನವರು ಕಲಿಸಬೇಕಿರಲಿಲ್ಲ. ನಮ್ಮ ಕಡೆಯ ಯಾವ ಜಾತ್ರೆಗಾದರೂ ಹೋಗಿ, ಕುಸ್ತಿ ಕಣದ ಪಕ್ಕ ನಿಲ್ಲಿ. ಪೈಲ್ವಾನರ ಜೋಡಿ ಬಿದ್ದ ಕೂಡಲೇ ಜನರ ನಡುವಿನಿಂದ ‘ನನ್ನ ಕಡಿಂದ ಐದುನೂರಾ ಒಂದು’ ಎಂಬ ಕೂಗು ಬರುತ್ತದೆ, ಮೈಕಿನವನು ಹೆಸರು, ಊರು ಸಮೇತ ಹೇಳುತ್ತಾನೆ, ಗೆದ್ದವನಿಗೆ ಬೆಳ್ಳಿ ಕಡಗ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿಯಲ್ಲಿ ಕಂಚು ಗೆದ್ದನಲ್ಲ, ಅಂಥವರು ಹುಟ್ಟುವ ನೆಲ ಇದು. ಜಾತ್ರೆ ಮುಗಿದ ಮೇಲೆ ಕಮಿಟಿಯವರು ಗುಡಿಯ ಕಟ್ಟೆಯ ಮೇಲೆ ಕೂತು ವರ್ಗಣಿಯ ಲೆಕ್ಕ ಓದುತ್ತಾರೆ. ಎಣ್ಣೆಗೆ ಇಷ್ಟು, ಹಲಗೆಯವರಿಗೆ ಇಷ್ಟು, ಉಳಿದದ್ದು ಇಷ್ಟು. ಐವತ್ತು ರೂಪಾಯಿ ಕೊಟ್ಟವನೂ ಎದ್ದು ನಿಂತು ‘ಹಲಗಿಯವ್ರಿಗೆ ಹೆಚ್ಚಾತು’ ಎಂದು ತಕರಾರು ತೆಗೆಯಬಹುದು. ಅದಕ್ಕೇ ಮುಂದಿನ ವರ್ಷವೂ ಕೊಡುತ್ತಾನೆ. ಪದವಿ ಓದದ ಕಮಿಟಿಯವರಿಗೆ ತಿಳಿದದ್ದು ಪದವಿ ಕೊಡಿಸುವ ನಿಮಗೆ ತಿಳಿಯಲಿಲ್ಲ.

ನಿಮಗೆ ದೊಡ್ಡ ದಾನಿಗಳು ಬೇಕು, ಗೊತ್ತು. ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಸಿಮೆಂಟ್ ಇದೆ, ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತುತ್ತದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯ ಹೆಸರೇ ಇದೆ, ಕಂಪನಿಗಳ ಸಾಮಾಜಿಕ ಹೊಣೆಯ ಆ ಬಾಬಿನಲ್ಲಿ ಅವರು ಕೊಡಬಹುದು. ಆದರೆ ಕೊಡುವವರು ವಿಚಾರಿಸದೆ ಕೊಡುತ್ತಾರೆಯೇ? ನಮ್ಮ 130ರಲ್ಲಿ ಇಬ್ಬರು ಅಂಥ ಕಾರ್ಖಾನೆಗಳಲ್ಲಿ ಲೆಕ್ಕಪತ್ರ ನೋಡುವವರು. ಸಾಹೇಬರು ಕೇಳಿದರೆ ಅವರು ಏನು ಹೇಳಬೇಕು? ಮೂಡುಬಿದಿರೆಯ ಆಳ್ವಾಸ್ ಕಾಲೇಜಿನವರನ್ನು ನೋಡಿ. ಅವರು ಊರೂರಿನ ಆಟದ ಮಕ್ಕಳನ್ನು ದತ್ತು ತೆಗೆದುಕೊಂಡು, ಊಟ, ವಸತಿ, ಫೀ ಎಲ್ಲ ತಾವೇ ನೋಡಿಕೊಂಡರು. ಅದರಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಅಥ್ಲೆಟಿಕ್ಸಿನಲ್ಲಿ ದೇಶದಲ್ಲೇ ಹೆಸರು ಬಂತು. ಅವರು ಮೊದಲು ಮಕ್ಕಳಿಗೆ ಖರ್ಚು ಮಾಡಿದರು. ನೀವು ಮೊದಲು ಮಹಾದ್ವಾರ ಕಟ್ಟಿಸಿದಿರಿ. ದ್ವಾರದ ಮೇಲಿನ ಗ್ರಾನೈಟಿನಲ್ಲಿ ಹದಿನೇಳು ನಿರ್ದೇಶಕರ ಹೆಸರಿದೆ, ಎಣಿಸಿದ್ದೇನೆ. ನಲವತ್ತೇಳನೇ ನಂಬರಿನವನ ಹೆಸರಿಲ್ಲ.

ಕೇಳುವುದು ಇಷ್ಟೇ. 3,90,000 ರೂಪಾಯಿಯ ಲೆಕ್ಕವನ್ನು ಸಮಾವೇಶದ ವೇದಿಕೆಯ ಮೇಲೆ ಓದಬೇಕು. ಮ್ಯಾಟಿಗೆ ಆರ್ಡರ್ ಹಾಕಿದ ಕಾಗದವನ್ನು ಅದೇ ದಿನ ತೋರಿಸಬೇಕು. ನಾಳೆ ನಾಡಿದ್ದು ಬೇಡ. ಹುಡುಗಿಯ ಆಸ್ಪತ್ರೆಯ ಖರ್ಚನ್ನು ಕ್ರೀಡಾ ಶುಲ್ಕದಿಂದ ಕೊಡಬೇಕು. ಬೈಕುಗಳನ್ನು ಬೇರೆಲ್ಲಾದರೂ ನಿಲ್ಲಿಸಿಕೊಳ್ಳಿ. ಆ ಪೋಸ್ಟರ್ ಹಿಂದಕ್ಕೆ ತೆಗೆದುಕೊಂಡು, ಸರ್ ಅವರನ್ನು ಅವರ ಜಾಗದಲ್ಲಿ ನಿಲ್ಲಿಸಿ ಮತ್ತೆ ಕಳಿಸಿ. ನಿಮ್ಮ ಚಿತ್ರಕ್ಕೆ ಕೆಳಗಡೆ ಬೇಕಾದಷ್ಟು ಜಾಗವಿದೆ, ಕ್ಯೂಆರ್ ಕೋಡಿನ ಪಕ್ಕ.

ಸರ್ ತೀರಿಕೊಂಡ ಮೇಲೆ ಅವರ ಮಗ ನನ್ನ ಕೈಗೊಂದು ಸಣ್ಣ ಡಬ್ಬಿ ಕೊಟ್ಟ. ಒಳಗೆ ಹಿತ್ತಾಳೆಯ ಸೀಟಿ, ಹೊಸ ಕಪ್ಪು ದಾರ ಕಟ್ಟಿತ್ತು. ‘ಜನವರಿಗೆ ಬೇಕಾಗ್ತೈತಿ ಅಂತ ದಾರ ಬದಲಿಸಿ ಇಟ್ಟಿದ್ರು’ ಅಂದ. ಅದು ನನ್ನ ಮಗ್ಗದ ಮೇಲಿನ ಗೂಡಿನಲ್ಲಿದೆ.

ಸಮಾವೇಶಕ್ಕೆ ಬರುತ್ತೇನೆ. ನೋಟುಬುಕ್ಕು, ಸೀಟಿ ಎರಡೂ ತರುತ್ತೇನೆ. 130 ಹೆಸರು, ಊರು ಓದಲು ಹನ್ನೊಂದು ನಿಮಿಷ ಸಾಕು, ಮನೆಯಲ್ಲಿ ಓದಿ ನೋಡಿದ್ದೇನೆ. ಮೈಕ್ ಕೊಟ್ಟರೆ ವೇದಿಕೆಯಿಂದ ಓದುತ್ತೇನೆ. ಕೊಡದಿದ್ದರೆ ಮಹಾದ್ವಾರದ ಕೆಳಗೆ, ಆ ಪೇವರ್ ಮೇಲೆ ನಿಂತು ಓದುತ್ತೇನೆ. ನಮ್ಮ ಹಣದ್ದೇ ಜಾಗ ಅದು.

ಇಂತಿ,
1993ರ ತಂಡದ ಬಲ ಮೂಲೆ ಆಟಗಾರ, ತುಂಡು ನಂಬರ್ 3
ಕಮತಗಿ